ನಾಲ್ಕನೇ ಡಬ್ಬ

"ಜುಮಾನಾ, ಬಳ್ಳಿಗೆ ಡಬ್ಬ ತೊಡಿಸಿದ್ಯೇನೇ?" ನೆಲ ಅಂತಸ್ತಿನ ಅಡುಗೆಮನೆಯಿಂದ ಅಜ್ಜಿ ಕೂಗಿದಳು.

"ತೊಡಿಸ್ದೆ ಅಜ್ಜೀ!" ಮೇಲಿನಿಂದ ಜುಮಾನಾ ಕೂಗಿದಳು.

ಇದು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಬಳ್ಳಿಗೆ ಅವಳು ಏನನ್ನೋ ತೊಡಿಸಿದ್ದಳು. ಆದರೆ ಅದು ಅಜ್ಜಿ ಕೊಟ್ಟ ಎಣ್ಣೆ ಡಬ್ಬ ಆಗಿರಲಿಲ್ಲ. ಬೆಳ್ಳಗೆ ಹೊಳೆಯುವ ಪ್ಲಾಸ್ಟಿಕ್ ಪೇಂಟ್ ಬಕೆಟ್ಟು. ಅದರ ತಳ ಕತ್ತರಿಸಿ, ಉದ್ದಕ್ಕೆ ಸೀಳಿ, ಬಳ್ಳಿಯ ಕಾಂಡಕ್ಕೆ ಸುತ್ತಿ, ತಂತಿಯಿಂದ ಬಿಗಿದಿದ್ದಳು. ಯಾರಿಗೂ ಕಾಣದ ಹಾಗೆ ಮೇಲೊಂದು ಗೋಣಿಚೀಲ ಹೊದಿಸಿದ್ದಳು. ಅಜ್ಜಿಯ ಡಬ್ಬ ಮೆಟ್ಟಿಲ ತಿರುವಿನ ನೀರಿನ ಡ್ರಮ್ಮಿನ ಹಿಂದೆ ಕಳ್ಳನ ಹಾಗೆ ಕೂತಿತ್ತು.

ಅವತ್ತು ಛಾವಣಿ ಹಾಕುವ ದಿನ. ಹೈಸಮ್ ಚಿಕ್ಕಪ್ಪನ ಮದುವೆ ಬೇಸಿಗೆಗೆ ಗೊತ್ತಾಗಿತ್ತು. ಮದುವೆಯಾಗುವವನಿಗೆ ಒಂದು ಮನೆ ಬೇಡವೇ? ನಿರಾಶ್ರಿತರ ಕ್ಯಾಂಪಿನ ಹೊರಗೆ ಕೊಳ್ಳೋಣವೆಂದರೆ, ಪ್ಯಾಲೆಸ್ತೀನಿನವರು ಲೆಬನಾನಿನಲ್ಲಿ ಮನೆ ಕೊಳ್ಳುವ ಹಾಗಿಲ್ಲ. ಕ್ಯಾಂಪಿನ ಒಳಗೆ ಕಟ್ಟೋಣವೆಂದರೆ ಅಂಗೈಯಗಲ ಜಾಗವಿಲ್ಲ. ಉಳಿದದ್ದು ಆಕಾಶ ಒಂದೇ. ಹಾಗಾಗಿ ನಮ್ಮ ಕ್ಯಾಂಪಿನಲ್ಲಿ ಮದುವೆ ಆದ ಹಾಗೆಲ್ಲ ಮನೆಗಳು ಎತ್ತರವಾಗುತ್ತವೆ.

ಸಿಮೆಂಟು ಒಳಗೆ ತರುವುದೇನು ಸುಲಭವೇ? ಒಂದೊಂದು ಮೂಟೆಗೂ ಪರ್ಮಿಟ್ ಬೇಕು. ಚಿಕ್ಕಪ್ಪ ಪರ್ಮಿಟ್ಟಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ್ದ. "ಹುಡುಗಿ ಬೇಗ ಒಪ್ಪಿಬಿಟ್ಲು, ಸಿಮೆಂಟು ಒಪ್ತಾ ಇಲ್ಲ" ಎಂದು ಇಡೀ ಗಲ್ಲಿ ಅವನನ್ನು ಗೋಳು ಹೊಯ್ದುಕೊಂಡಿತ್ತು. ಕೊನೆಗೂ ಸಿಮೆಂಟು ಬಂತು. ಮಳೆ ಬಿಟ್ಟ ಒಂದು ಭಾನುವಾರವೂ ಸಿಕ್ಕಿತು.

ಈಗ ಆ ಬಳ್ಳಿಯ ವಿಷಯ ಹೇಳಬೇಕು.

ಅದೊಂದು ದ್ರಾಕ್ಷಿ ಬಳ್ಳಿ. ಅದರ ಬುಡ ಇರುವುದು ಅಜ್ಜಿಯ ಅಡುಗೆಮನೆಯ ಮೂಲೆಯಲ್ಲಿ. ಹೌದು, ಒಳಗೇ! ಅಜ್ಜಿಯ ಅಮ್ಮ ಹಮ್ದಾ ಅದನ್ನು ನೆಟ್ಟಾಗ ಅಲ್ಲಿ ಅಡುಗೆಮನೆ ಇರಲಿಲ್ಲ, ಒಂದು ಡೇರೆ ಇತ್ತು. ಪ್ಯಾಲೆಸ್ತೀನಿನ ಐನ್‌ಲೋಜ್ ಎಂಬ ಊರಿನಿಂದ ಓಡಿ ಬಂದವರಿಗೆ ಕೊಟ್ಟ ಡೇರೆ. ಡೇರೆ ಹೋಗಿ ತಗಡಿನ ಮನೆ ಬಂತು. ತಗಡು ಹೋಗಿ ಕಾಂಕ್ರೀಟು ಬಂತು. ಬಳ್ಳಿ ಮಾತ್ರ ಜಾಗ ಬಿಡಲಿಲ್ಲ. ಮನೆ ಒಂದು ಅಂತಸ್ತು ಏರಿದರೆ ತಾನೂ ಒಂದು ಅಂತಸ್ತು ಏರಿತು. ಮೂರು ಅಡುಗೆಮನೆಗಳನ್ನು ದಾಟಿ, ತಾರಸಿಗೆ ಬಂದು, ಅಲ್ಲಿ ಬಿಸಿಲು ಕಂಡ ಮೇಲೆಯೇ ಅದು ಎಲೆ ಬಿಡುವುದು.

ಕಾಂಕ್ರೀಟು ಸುರಿಯುವಾಗ ಬಳ್ಳಿ ಅದರಲ್ಲಿ ಹೂತು ಹೋಗಬಾರದಲ್ಲ? ಅದಕ್ಕೇ ಪ್ರತಿ ಸಲ ಅದರ ಕಾಂಡಕ್ಕೆ ತಳ ತೆಗೆದು ಉದ್ದಕ್ಕೆ ಸೀಳಿದ ಎಣ್ಣೆ ಡಬ್ಬವೊಂದನ್ನು ತೊಡಿಸುತ್ತಾರೆ. ಡಬ್ಬದ ಹೊರಗೆ ಕಾಂಕ್ರೀಟು, ಒಳಗೆ ಬಳ್ಳಿ. ತೊಡಿಸಬೇಕಾದವರು ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು. ಮೊದಲ ಡಬ್ಬ ತೊಡಿಸಿದ್ದು ಅಜ್ಜಿಯ ತಮ್ಮ. ಅವನೀಗ ಡೆನ್ಮಾರ್ಕಿನಲ್ಲಿ ಮುದುಕ. ಎರಡನೆಯದು ಜುಮಾನಾಳ ಅಪ್ಪ. ಮೂರನೆಯದು ಹೈಸಮ್ ಚಿಕ್ಕಪ್ಪ. ನಾಲ್ಕನೆಯದು ಜುಮಾನಾ.

ಇದನ್ನು ಅವಳು ಶಾಲೆಯಲ್ಲಿ ಹೇಳಿದ್ದೇ ಹೇಳಿದ್ದು. "ನಮ್ಮನೆ ಛಾವಣೀಲಿ ಈ ಸಲ ನನ್ನ ಡಬ್ಬ" ಎಂದು ಟೀಚರಿಗೂ ಹೇಳಿದಳು, ಗೇಟು ಕಾಯುವವನಿಗೂ ಹೇಳಿದಳು.

ಹಾಗಿದ್ದವಳು ಡಬ್ಬವನ್ನು ಯಾಕೆ ಬಚ್ಚಿಟ್ಟಳು? ಅದಕ್ಕೆ ಕಾರಣ ತಾಲಾ.

ತಾಲಾ ಎಂದರೆ ಚಿಕ್ಕಪ್ಪ ಮದುವೆಯಾಗಲಿರುವ ರಿಹಾಬಳ ತಂಗಿ. ಅವರು ಲೆಬನಾನಿನವರು. ಸೂರ್ ಪಟ್ಟಣದ ಬಂದರಿನ ಹತ್ತಿರ, ಸಮುದ್ರಕ್ಕೆ ಮುಖ ಮಾಡಿದ ಬಾಲ್ಕನಿ ಇರುವ ಮನೆ. ತಾಲಾಳಿಗೂ ಜುಮಾನಾಳಷ್ಟೇ ವಯಸ್ಸು. ಹಿಂದಿನ ವಾರ ಅವಳು ಅಕ್ಕನ ಜೊತೆ ಮೊದಲ ಸಲ ಕ್ಯಾಂಪಿಗೆ ಬಂದಿದ್ದಳು.

"ನಿಮ್ಮನೆಗೆ ಬರೋಕೂ ಚೆಕ್‌ಪೋಸ್ಟಲ್ಲಿ ಐಡಿ ತೋರಿಸ್ಬೇಕಾ?" ಬಂದವಳೇ ಕೇಳಿದ ಮೊದಲ ಪ್ರಶ್ನೆ ಅದು.

ಆಮೇಲೆ ಅಡುಗೆಮನೆಗೆ ಬಂದಳು. ಬಳ್ಳಿಯ ಕಾಂಡ ನೋಡಿದಳು. ತಲೆಯೆತ್ತಿ ಛಾವಣಿ ನೋಡಿದಳು. ಅಲ್ಲಿ ತುಕ್ಕು ಹಿಡಿದ ಡಬ್ಬದ ಅಂಚು ಕಾಣುತ್ತಿತ್ತು.

"ಅಯ್ಯೋ, ಸೀಲಿಂಗಲ್ಲಿ ಎಣ್ಣೆ ಡಬ್ಬ!" ಎಂದು ಕಿಸಕ್ಕನೆ ನಕ್ಕಳು. ಮೊಬೈಲ್ ತೆಗೆದು ಫೋಟೋ ಹೊಡೆದಳು.

ಜುಮಾನಾಳ ಕಿವಿ ಕಾದ ಹೆಂಚಿನ ಹಾಗಾಯಿತು. ಹುಟ್ಟಿದಾಗಿನಿಂದ ನೋಡಿದ ಡಬ್ಬ. ಅದಕ್ಕೆ ತುಕ್ಕು ಹಿಡಿದಿದೆ ಎಂದು ಅವಳಿಗೆ ಗೊತ್ತಾದದ್ದೇ ಆವತ್ತು. ಆ ಫೋಟೋ ಈಗ ತಾಲಾಳ ಕ್ಲಾಸಿನಲ್ಲೆಲ್ಲ ಓಡಾಡುತ್ತಿರಬಹುದು ಎಂದು ನೆನೆದರೆ ಅನ್ನ ಸೇರುತ್ತಿರಲಿಲ್ಲ. ಚಿಕ್ಕಪ್ಪನ ಮನೆಯಲ್ಲಾದರೂ ಹಾಗೆ ಕಾಣಬಾರದು, ಬೆಳ್ಳಗೆ ನುಣ್ಣಗೆ ಕಾಣಬೇಕು. ಪೇಂಟ್ ಬಕೆಟ್ಟಿನ ಉಪಾಯ ಹೊಳೆದದ್ದು ಹಾಗೆ.

* * *

ಗಲ್ಲಿಯಲ್ಲಿ ಮಿಕ್ಸರ್ ಗಡಗಡ ಎಂದಿತು. ಕೆಲಸ ಶುರುವಾಯಿತು.

ನಮ್ಮ ಗಲ್ಲಿಯಲ್ಲಿ ಇಬ್ಬರು ಎದುರುಬದುರು ಬಂದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಅಲ್ಲಿಗೆ ಲಾರಿ ಬರುತ್ತದೆಯೇ, ಕ್ರೇನ್ ಬರುತ್ತದೆಯೇ? ಬರುವುದು ಅಕ್ಕಪಕ್ಕದವರು. ಯಾರ ಮನೆಯ ಛಾವಣಿಯಾದರೂ ಸರಿ, ಅವತ್ತು ಎಲ್ಲರೂ ಬರುತ್ತಾರೆ. ಮಿಕ್ಸರಿನಿಂದ ಹಿಡಿದು ಮೇಲಿನವರೆಗೆ ಮೆಟ್ಟಿಲಿಗೊಬ್ಬರಂತೆ ಸಾಲು ನಿಂತರು. ಬಕೆಟ್ಟುಗಳು ಕೈಯಿಂದ ಕೈಗೆ ಏರತೊಡಗಿದವು. ತುಂಬಿದ್ದು ಮೇಲಕ್ಕೆ, ಖಾಲಿಯಾದದ್ದು ಕೆಳಕ್ಕೆ. ಕೈಗಿಂತ ಬಾಯಿ ಜೋರು.

"ಮದುಮಗನೇ, ಇನ್ನೂ ಒಂದ್ ಬಕೆಟ್ ಎತ್ತಿಲ್ಲ, ಆಗ್ಲೇ ಬೆವರ್ತಿದ್ದೀಯಲ್ಲೋ!" ಎಂದಳು ಪಕ್ಕದ ಮನೆಯ ಉಮ್ ಲುತ್ಫಿ, ಅಂದರೆ ಲುತ್ಫಿಯ ಅಮ್ಮ. ಗಂಡಸರ ಸಾಲಿನಲ್ಲಿ ತನ್ನದೂ ಒಂದು ಮೆಟ್ಟಿಲು ಎಂದು ಗಟ್ಟಿಯಾಗಿ ನಿಂತಿದ್ದಳು.

"ಬೆವರಲ್ಲ ಖಾಲಾ, ಖುಷಿ!" ಎಂದ ಚಿಕ್ಕಪ್ಪ.

"ಮದುವೆ ಆಗ್ಲಿ, ಆಗ ಗೊತ್ತಾಗುತ್ತೆ ಯಾವ್ದು ಬೆವರು ಯಾವ್ದು ಖುಷಿ ಅಂತ."

ಮೇಲೆ, ಸೆಂಟ್ರಿಂಗ್ ಹಲಗೆಯ ಮೇಲೆ, ಅಬು ಸಖರ್ ಮೇಸ್ತ್ರಿ ಯಜಮಾನ. ಹಲಗೆಯ ಮೇಲೆಲ್ಲ ಕಬ್ಬಿಣದ ಸರಳುಗಳ ಬಲೆ ಹಾಸಿತ್ತು. ಒಂದು ಮೂಲೆಯಲ್ಲಿ ಗೋಣಿ ಹೊದ್ದ ಬಳ್ಳಿ. ಅಪ್ಪ ಎರಡು ದಿನ ಮೊದಲೇ ಅದರ ಕೊಂಬೆಗಳನ್ನು ಸವರಿ, ಉಳಿದದ್ದನ್ನು ಜಡೆಯ ಹಾಗೆ ಕಟ್ಟಿ, ಹಲಗೆಯ ತೂತಿನಿಂದ ಮೇಲಕ್ಕೆ ಎಳೆದಿದ್ದ. ಚಳಿಗಾಲವಾದ್ದರಿಂದ ಒಂದು ಎಲೆಯೂ ಇರಲಿಲ್ಲ.

"ಒಂದ್ಸಲ ಶುರು ಮಾಡಿದ್ರೆ ನಿಲ್ಲಿಸೋ ಹಾಗಿಲ್ಲ" ಎಂದು ಮೇಸ್ತ್ರಿ ಮೊದಲೇ ಎಚ್ಚರಿಸಿದ್ದರು. "ಮಧ್ಯ ನಿಂತ್ರೆ ಅಲ್ಲೇ ಬಿರುಕು. ಮುಂದಿನ ಚಳಿಗಾಲಕ್ಕೆ ಮದುಮಗಳ ತಲೆ ಮೇಲೆ ನೀರು."

ಕಾಂಕ್ರೀಟು ಅರ್ಧ ಛಾವಣಿಯನ್ನು ತುಂಬಿ ಬಳ್ಳಿಯ ಮೂಲೆಯತ್ತ ಬರುತ್ತಿದ್ದಾಗ ಕೆಳಗೆ ಹೆಂಗಸರು ಸಂಭ್ರಮಕ್ಕೆ ನಾಲಿಗೆ ಹೊರಳಿಸಿ ಕೂಗುವುದು ಕೇಳಿಸಿತು. ರಿಹಾಬಳ ಮನೆಯವರು ಬಂದಿದ್ದರು, ತಟ್ಟೆ ತುಂಬ ಸಿಹಿ ಹಿಡಿದುಕೊಂಡು. ತಾಲಾ ಕೆಂಪು ಕೋಟು ಹಾಕಿದ್ದಳು. ಬಕೆಟ್ಟಿನ ಸಾಲಿನ ಪಕ್ಕದಲ್ಲೇ ನುಸುಳಿಕೊಂಡು ಮೇಲಿನ ಮೆಟ್ಟಿಲವರೆಗೂ ಬಂದಳು.

ಜುಮಾನಾ ಕಾಯುತ್ತಿದ್ದದ್ದು ಇದಕ್ಕೇ. ಹಲಗೆಯ ಮೇಲೆ ಬಗ್ಗಿ ಗೋಣಿಚೀಲವನ್ನು ಸರಕ್ಕನೆ ಎಳೆದಳು.

"ನೋಡು, ಈ ಸಲ ಹೊಸದು!"

ತಾಲಾ ಕತ್ತು ಚಾಚಿ ನೋಡಿದಳು. "ಓ," ಎಂದಳು. ಆಮೇಲೆ, "ಡಬ್ಬ ಎಲ್ಲಿ?" ಎಂದಳು.

ಇದೇನು ಹೀಗೆ ಕೇಳುತ್ತಾಳೆ ಎಂದು ಜುಮಾನಾ ಯೋಚಿಸುವಷ್ಟರಲ್ಲಿ ಕಾಂಕ್ರೀಟು ಬಂದು ಬಕೆಟ್ಟಿಗೆ ಒರಗಿತು.

ಬಕೆಟ್ಟು ಮೊದಲು ಸ್ವಲ್ಪ ಬಾಗಿತು. ಇನ್ನೊಂದು ಬಕೆಟ್ ಕಾಂಕ್ರೀಟು ಬಿತ್ತು. ಸೀಳಿದ ಕಡೆ ಪ್ಲಾಸ್ಟಿಕ್ಕು ಬಾಯಿ ಬಿಟ್ಟಿತು. ತಂತಿ ಜಾರಿತು. ಬೂದು ಬಣ್ಣದ ನೀರು ಬಳ್ಳಿಯ ಕಾಂಡವನ್ನು ಸುತ್ತಿಕೊಂಡು ಕೆಳಗಿನ ಹೊಸ ಅಡುಗೆಮನೆಗೆ ತೊಟತೊಟ ಸುರಿಯತೊಡಗಿತು.

"ಏಯ್! ಯಾರಪ್ಪಾ ಇಲ್ಲಿ ಪ್ಲಾಸ್ಟಿಕ್ ಇಟ್ಟೋರು?" ಅಬು ಸಖರ್ ಗರ್ಜಿಸಿದರು. "ಡಬ್ಬ ಎಲ್ಲಿ?"

ಜುಮಾನಾ ಗೋಣಿಚೀಲವನ್ನು ಬೆನ್ನ ಹಿಂದೆ ಅಡಗಿಸಿದಳು. ಕೆಳಗೆ ಮಿಕ್ಸರ್ ಗಡಗಡ ಎನ್ನುತ್ತಲೇ ಇತ್ತು.

"ಇಲ್ಲಿ ಕಾಂಕ್ರೀಟ್ ಇಳಿದ್ರೆ ಮೂಲೆ ಪೂರ್ತಿ ಹಾಳು. ನಿಲ್ಲಿಸಕ್ಕಾಗಲ್ಲ. ಹೈಸಮ್, ಗರಗಸ ತಗೊಂಬಾ. ಬಳ್ಳಿ ಕತ್ತರಿಸಿ ತೂತು ಮುಚ್ಚಿಬಿಡೋಣ."

ಕತ್ತರಿಸುವುದು! ಬಿಸಿಲು ಸಿಗುವುದು ಮೇಲೆ. ಮೇಲಿನದನ್ನು ಕತ್ತರಿಸಿದರೆ ಕತ್ತಲೆಯ ಅಡುಗೆಮನೆಗಳಲ್ಲಿ ಉಳಿದ ಬರೀ ಕಾಂಡ ಒಣಗಿ ಸೌದೆಯಾಗುತ್ತದೆ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಚಿಕ್ಕಪ್ಪ ಗರಗಸ ತರಲು ಹೋಗಲಿಲ್ಲ. ಹೋಗದೆಯೂ ನಿಲ್ಲಲಾರ. ತನ್ನ ಛಾವಣಿ ನೋಡಿದ, ತಾನು ಡಬ್ಬ ತೊಡಿಸಿದ್ದ ಬಳ್ಳಿ ನೋಡಿದ, ಮುಖ ಒರೆಸಿಕೊಂಡ. ಈ ಸಲ ಅದು ಖುಷಿಯಾಗಿರಲಿಲ್ಲ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಅಜ್ಜಿ! ಮಂಡಿ ನೋವೆಂದು ತಾರಸಿಗೆ ಹತ್ತುವುದನ್ನೇ ಬಿಟ್ಟವಳು, ಉಮ್ ಲುತ್ಫಿಯ ಹೆಗಲು ಹಿಡಿದು ಹತ್ತಿ ಬಂದಿದ್ದಳು. ಅವಳ ಅಡುಗೆಮನೆಗೆ ಸುದ್ದಿ ಬಕೆಟ್ಟಿಗಿಂತ ಬೇಗ ಇಳಿದಿತ್ತು.

ಅಜ್ಜಿ ಬಿಳಿ ಬಕೆಟ್ಟನ್ನು ನೋಡಿದಳು. ಬೇರೆ ಯಾರನ್ನೂ ನೋಡಲಿಲ್ಲ, ಜುಮಾನಾಳನ್ನು ನೋಡಿದಳು.

ಜುಮಾನಾ ಅಳುತ್ತಾ ಸುತ್ತ ನೋಡಿದಳು. ತಾಲಾ ಇಲ್ಲೇ ನಿಂತಿದ್ದಾಳೆ, ಅವಳ ಅಮ್ಮ ಇದ್ದಾಳೆ, ಇಡೀ ಗಲ್ಲಿ ಇದೆ.

"ನಾನೇ ಅಜ್ಜಿ" ಎಂದಳು. "ನಾನೇ ಬದಲಾಯಿಸಿದ್ದು."

"ಡಬ್ಬ ಎಲ್ಲಿದೆ?"

"ಡ್ರಮ್ಮಿನ ಹಿಂದೆ."

"ಮತ್ತೆ ಇಲ್ಲಿ ನಿಂತ್ಕೊಂಡು ಅಳ್ತೀಯಾ? ಓಡೇ!"

ಜುಮಾನಾ ಓಡಿದಳು. ವಾಪಸ್ಸು ಬರುವಷ್ಟರಲ್ಲಿ ಅಬು ಸಖರ್ ಸಾಲಿನವರಿಗೆ ಹೇಳುತ್ತಿದ್ದರು: "ಆ ಕಡೆ ಗೋಡೆಯಿಂದ ತುಂಬ್ಕೊಂಡು ಬನ್ನಿ. ತಿರುಗಿ ಇಲ್ಲಿಗೆ ಬರೋಷ್ಟರಲ್ಲಿ ಡಬ್ಬ ಕೂತಿದ್ರೆ ಸರಿ. ಇಲ್ಲಾಂದ್ರೆ ನಾನು ಯಾರ ಮಾತೂ ಕೇಳಲ್ಲ."

"ನೀವೇ ತೊಡಿಸಿ ಮೇಸ್ತ್ರಿ" ಎಂದಳು ಜುಮಾನಾ, ಡಬ್ಬ ಚಾಚಿ.

ಅವರು ತಮ್ಮ ಅಗಲವಾದ ಕೈ ತೋರಿಸಿದರು. "ಸರಳುಗಳ ಮಧ್ಯ ಈ ಕೈ ಹೋಗುತ್ತಾ? ಚಿಕ್ಕವರೇ ತೊಡಿಸ್ಬೇಕು ಅಂತ ನಿಮ್ಮ ಮನೇಲಿ ಸುಮ್ನೆ ಇಟ್ಟಿದ್ದಾರೆ ಅಂದ್ಕೊಂಡ್ಯಾ?"

ಸಿಮೆಂಟು ಕೈ ಸುಡುತ್ತದೆ. ಅಮ್ಮ ರೊಟ್ಟಿಯ ಪ್ಲಾಸ್ಟಿಕ್ ಚೀಲಗಳನ್ನು ತಂದು ಜುಮಾನಾಳ ಎರಡೂ ಕೈಗೆ ಮೊಳಕೈವರೆಗೆ ಕಟ್ಟಿದಳು. ಜುಮಾನಾ ಅಡ್ಡಹಲಗೆಯ ಮೇಲೆ ಬೋರಲು ಮಲಗಿದಳು. ಸರಳುಗಳ ನಡುವೆ ಕೈ ಇಳಿಸಿ ಬಕೆಟ್ಟನ್ನು ಕಿತ್ತು ಎಸೆದಳು. ಕಾಂಡಕ್ಕೆ ಮೆತ್ತಿದ್ದ ಕಾಂಕ್ರೀಟನ್ನು ಗೋರಿ ಗೋರಿ ತೆಗೆದಳು. ಡಬ್ಬದ ಸೀಳನ್ನು ಅಗಲಿಸಿ ಬಳ್ಳಿಗೆ ತೊಡಿಸಿದಳು. ಆದರೆ ಅಂಚು ಕೂಡಿಸಿ ಹಿಡಿದರೆ ತಂತಿ ತಿರುಗಿಸಲು ಕೈಯಿಲ್ಲ. ತಂತಿ ಹಿಡಿದರೆ ಅಂಚು ಪಟ್ಟನೆ ತೆರೆದುಕೊಳ್ಳುತ್ತದೆ.

ಎರಡು ಸಲ ಮಾಡಿ ನೋಡಿದಳು. ಆಗಲಿಲ್ಲ. ಆ ಕಡೆಯಿಂದ ಬಕೆಟ್ಟುಗಳು ಸುರಿಯುತ್ತಲೇ ಬಂದವು.

"ಇನ್ನೊಂದು ಚಿಕ್ಕ ಕೈ ಬೇಕು!" ಎಂದು ಕೂಗಿದಳು.

"ನಂದೂ ಚಿಕ್ಕದೇ" ಎಂದಿತು ಒಂದು ದನಿ.

"ತಾಲಾ! ಹೊಸ ಕೋಟು!" ಅವಳ ಅಮ್ಮ ಚೀರಿದಳು.

ತಾಲಾ ಕೋಟು ಬಿಚ್ಚಿ ಅಮ್ಮನ ಕಡೆ ಎಸೆದಳು. ಅವಳ ಕೈಗೂ ರೊಟ್ಟಿಯ ಚೀಲ ಬಂತು. ಎದುರಿನ ಹಲಗೆಯ ಮೇಲೆ ಅವಳೂ ಬೋರಲು ಮಲಗಿದಳು. ಇಬ್ಬರ ತಲೆಗಳೂ ಬಳ್ಳಿಯ ಹತ್ತಿರ ಢೀ ಕೊಟ್ಟವು.

"ಒತ್ತಿ ಹಿಡ್ಕೋ. ಗಟ್ಟಿಯಾಗಿ."

"ಹಿಡ್ದಿದ್ದೀನಿ, ನೀನು ಬೇಗ ತಿರುಗ್ಸು."

"ನಿನ್ನ ಬೆರಳು ತೆಗಿ, ತಂತಿಗೆ ಸಿಕ್ಕುತ್ತೆ."

"ತೆಗೆದ್ರೆ ಡಬ್ಬ ಬಾಯ್ಬಿಡುತ್ತೆ! ತಿರುಗ್ಸೇ!"

ಜುಮಾನಾ ತಿರುಗಿಸಿದಳು. ಮೇಲೊಂದು ಕಟ್ಟು, ನಡುವೆ ಒಂದು, ಕೆಳಗೊಂದು. ಅವಳು ಎದ್ದು ಕೂರುವ ಹೊತ್ತಿಗೆ ಕಾಂಕ್ರೀಟು ಬಂದೇಬಿಟ್ಟಿತು. ಮೇಸ್ತ್ರಿ ಮೆಲ್ಲಗೆ ಸುತ್ತ ಸುರಿದರು. ಅದು ಡಬ್ಬಕ್ಕೆ ಒರಗಿತು.

ಡಬ್ಬ ಜಗ್ಗಲಿಲ್ಲ. ಅಬು ಸಖರ್ ಕರಣೆಯ ಹಿಡಿಯಿಂದ ಅದನ್ನೊಮ್ಮೆ ಟಣ್ಣೆಂದು ತಟ್ಟಿ ನೋಡಿ ತಲೆಯಾಡಿಸಿದರು. ಹೆಂಗಸರ ಕೂಗು ಗಲ್ಲಿಯ ಆ ತುದಿಯವರೆಗೆ ಹೋಯಿತು.

ಅಜ್ಜಿ ಮಾತ್ರ ದಕ್ಷಿಣದ ಕಡೆ ತಿರುಗಿ, ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಸಮುದ್ರದ ಅಂಚಿನಲ್ಲಿ ನಾಕೂರಾದ ಗುಡ್ಡ. ಅದರಾಚೆ ಗಡಿ. ಗಡಿಯಾಚೆ ಐನ್‌ಲೋಜ್. ಮನೆ ಒಂದೊಂದು ಅಂತಸ್ತು ಏರಿದಾಗಲೂ ಅಜ್ಜಿ ಹೀಗೆ ನಿಂತು ನೋಡಿದ್ದಾಳಂತೆ.

"ಕಾಣಿಸ್ತಾ ಅಮ್ಮಾ?" ಅಪ್ಪ ಕೇಳಿದ.

"ಎಲ್ಲಿ? ಆ ಗುಡ್ಡ ಇನ್ನೂ ಅಡ್ಡ ನಿಂತಿದೆ. ಅಬು ಸಖರ್, ಇನ್ನೊಂದು ಅಂತಸ್ತು ಏರಿಸ್ತೀಯೇನಪ್ಪಾ?"

"ನಿಮ್ಮನೆ ಪಾಯ ಡೇರೆಗೆ ಅಂತ ಹಾಕಿದ್ದು, ಉಮ್ ಫಾರಿಸ್! ನಾಲ್ಕು ಅಂತಸ್ತು ನಿಂತಿರೋದೇ ದೇವರ ದಯೆ." ಮೇಸ್ತ್ರಿ ಅಜ್ಜಿಯನ್ನು ಕರೆಯುವುದು ಅಪ್ಪನ ಹೆಸರು ಹಿಡಿದು.

ಎಲ್ಲರೂ ನಕ್ಕರು. ಅಜ್ಜಿ ಎಲ್ಲರಿಗಿಂತ ಜೋರಾಗಿ ನಕ್ಕಳು.

* * *

ಮಧ್ಯಾಹ್ನದ ಊಟಕ್ಕೆ ಗಲ್ಲಿಯಲ್ಲೇ ಚಾಪೆ ಹಾಸಿದರು. ಅಮ್ಮ ದೊಡ್ಡ ಪಾತ್ರೆಯನ್ನು ತಟ್ಟೆಯ ಮೇಲೆ ಮಗುಚಿ ಹಾಕಿದಳು. ಪಾತ್ರೆ ಎತ್ತಿದಾಗ ಅನ್ನ, ಬದನೆಕಾಯಿ, ಕೋಳಿ ಎಲ್ಲ ಗೋಪುರದ ಹಾಗೆ ನಿಂತವು. ಸ್ವಲ್ಪವೂ ಕುಸಿಯಲಿಲ್ಲ. ಛಾವಣಿ ಹಾಕುವ ದಿನ ಆ ಗೋಪುರ ಕುಸಿದರೆ ನಮ್ಮವರು ವರ್ಷವಿಡೀ ಆಡಿಕೊಳ್ಳುತ್ತಾರೆ.

ಜುಮಾನಾ ಮತ್ತು ತಾಲಾ ಅಜ್ಜಿಯ ಅಡುಗೆಮನೆಯ ಹೊಸ್ತಿಲ ಮೇಲೆ ತಟ್ಟೆ ಹಿಡಿದು ಕೂತರು. ತಾಲಾಳ ಕೂದಲಲ್ಲಿ ಒಂದು ಚೂರು ಸಿಮೆಂಟು ಅಂಟಿತ್ತು.

"ಆ ಫೋಟೋ ಎಲ್ಲರಿಗೂ ತೋರಿಸಿದ್ಯಾ?" ಜುಮಾನಾ ಕೇಳಿಯೇಬಿಟ್ಟಳು.

"ತೋರಿಸ್ದೆ." ತಾಲಾ ತಟ್ಟೆಯನ್ನೇ ನೋಡಿದಳು. "ಮೊದ್ಲು ನಗ್ಸೋಕೆ ಅಂತಾನೇ ತೋರಿಸ್ದೆ. ಆಮೇಲೆ ಎಲ್ಲರೂ, ಮನೆಯೊಳಗೆ ಮರ ಹೇಗೆ ಬಂತು, ಡಬ್ಬ ಯಾಕೆ, ಅಂತ ಕೇಳಿದ್ರು. ನಂಗೆ ಹೇಳೋಕೆ ಬರ್ಲಿಲ್ಲ. ಅದಕ್ಕೆ ಇವತ್ತು ಡಬ್ಬ ಎಲ್ಲಿ ಅಂತ ಕೇಳಿದ್ದು."

ಜುಮಾನಾ ಒಂದು ಬದನೆಕಾಯಿ ಹೋಳನ್ನು ತಾಲಾಳ ತಟ್ಟೆಗೆ ಹಾಕಿದಳು.

"ಡಬ್ಬ ಯಾಕೆ?" ತಾಲಾ ಮತ್ತೆ ಕೇಳಿದಳು.

"ಮುತ್ತಜ್ಜಿ ನೆಟ್ಟಿದ್ದೇ ಡಬ್ಬದಲ್ಲಿ" ಎಂದಳು ಜುಮಾನಾ. ಆಮೇಲೆ ದನಿ ಇಳಿಸಿ, "ಬಡವರಲ್ವಾ, ಪಾಟ್ ತಗೊಳ್ಳೋಕೆ ದುಡ್ಡಿರ್ಲಿಲ್ಲ" ಎಂದಳು.

"ಯಾರೇ ಹೇಳಿದ್ದು ನಿಂಗೆ?"

ಬೆನ್ನ ಹಿಂದೆ ಅಜ್ಜಿ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡಳು ಜುಮಾನಾ. ಅಜ್ಜಿ ಬೈಯಲಿಲ್ಲ. ಬಳ್ಳಿಯ ಬುಡದ ಹತ್ತಿರ ಕೂತು, ಅಲ್ಲಿ ಮಣ್ಣಿನಲ್ಲಿ ಹೂತಿದ್ದ ತುಕ್ಕು ತಗಡಿನ ಚೂರನ್ನು ಬೆರಳಿಂದ ಮುಟ್ಟಿದಳು.

"ದುಡ್ಡು ಇರ್ಲಿಲ್ಲ, ಅದು ಹೌದು. ಆದ್ರೆ ನೆಲ ಇತ್ತಲ್ಲ? ಡೇರೆ ಸುತ್ತ ಬೇಕಾದಷ್ಟು ನೆಲ. ಎಲ್ರೂ ಹೇಳಿದ್ರು, ನೆಲಕ್ಕೆ ನೆಡು ಹಮ್ದಾ, ಚೆನ್ನಾಗಿ ಬರುತ್ತೆ ಅಂತ. ನಮ್ಮಮ್ಮ ಕೇಳ್ಲೇ ಇಲ್ಲ. ನೆಲಕ್ಕೆ ನೆಟ್ರೆ ಊರಿಗೆ ವಾಪಸ್ ಹೋಗೋವಾಗ ಇಲ್ಲೇ ಬಿಟ್ಟು ಹೋಗ್ಬೇಕು, ಡಬ್ಬದಲ್ಲಿದ್ರೆ ತಲೆ ಮೇಲೆ ಹೊತ್ಕೊಂಡು ಹೋಗ್ತೀನಿ ಅಂದ್ಲು."

ಜುಮಾನಾಳ ಕೈಯ ತುತ್ತು ಕೈಯಲ್ಲೇ ನಿಂತಿತು. ಬಳ್ಳಿಯ ಕತೆ ಅವಳು ಸಾವಿರ ಸಲ ಕೇಳಿದ್ದಳು. ಈ ತುಂಡನ್ನು ಕೇಳಿರಲಿಲ್ಲ. ಯಾಕೆ ಎಂದು ಯಾವತ್ತೂ ಕೇಳಿರಲಿಲ್ಲವಲ್ಲ.

"ಆಗಾಗ ಎತ್ತಿ ನೋಡ್ತಿದ್ಲು" ಎಂದಳು ಅಜ್ಜಿ. "ಹೊರೋಕಾಗುತ್ತಾ ಅಂತ. ತಲೆ ಮೇಲಿಟ್ಕೊಂಡು ಡೇರೆ ಸುತ್ತ ಒಂದು ಸುತ್ತು ಬರೋಳು. ಎಲ್ರೂ ನಗೋರು. ಒಂದಿನ ಎತ್ತೋಕೆ ಹೋದ್ಲು, ಬರ್ಲಿಲ್ಲ. ಬೇರು ಡಬ್ಬದ ತಳ ಒಡ್ಕೊಂಡು ನೆಲಕ್ಕೆ ಇಳ್ದಿತ್ತು. ನಾನು ಆಗ ನಿಮಗಿಂತ ಚಿಕ್ಕೋಳು. ಅಮ್ಮ ಅಳೋದನ್ನ ಮೊದಲ ಸಲ ನೋಡಿದ್ದು ಅವತ್ತೇ."

"ಆಮೇಲೆ?" ತಾಲಾ ಕೇಳಿದಳು.

"ಆಮೇಲೆ ಏನು? ಕಣ್ಣೊರೆಸ್ಕೊಂಡ್ಲು. ಅದೇ ಬಳ್ಳಿ ಎಲೆ ಕಿತ್ತು, ಅನ್ನ ಸುತ್ತಿ, ಬೇಯಿಸಿ ನಮಗೆಲ್ಲ ಹಾಕಿದ್ಲು. ಮೊದಲ ಛಾವಣಿ ಹಾಕೋವಾಗ ನನ್ನ ತಮ್ಮನ ಕೈಗೆ ಡಬ್ಬ ಕೊಟ್ಟೋಳೂ ಅವಳೇ. ಬೇರು ಇಲ್ಲಿ ಇಳೀತು, ಅದು ಬಳ್ಳಿ ಇಷ್ಟ. ಆದ್ರೆ ತಾನು ಊರಿಗೆ ಹೊರಟಿದ್ದೆ ಅನ್ನೋದು ಅದಕ್ಕೆ ಮರೀಬಾರ್ದು ಅಂದ್ಲು."

ಅಜ್ಜಿ ಮಂಡಿಗೆ ಕೈ ಊರಿ ಎದ್ದಳು. ಹೋಗುವಾಗ ಜುಮಾನಾಳ ತಲೆಗೆ ಮೆಲ್ಲಗೆ ಒಮ್ಮೆ ಮೊಟಕಿದಳು. "ಪ್ಲಾಸ್ಟಿಕ್ ಅಂತೆ, ಪ್ಲಾಸ್ಟಿಕ್!"

ಜುಮಾನಾ ತಲೆಯೆತ್ತಿ ಛಾವಣಿಯ ಡಬ್ಬ ನೋಡಿದಳು. ತುಕ್ಕು ಹಾಗೇ ಇತ್ತು. ಅವಳಿಗೆ ಯಾಕೋ ಅದರ ಮೇಲೆ ವಿಪರೀತ ಹೆಮ್ಮೆ ಬಂತು.

"ಇನ್ನೊಂದು ಫೋಟೋ ತೆಗಿ" ಎಂದಳು ತಾಲಾಳಿಗೆ. "ನಾನೂ ಬರೋ ಹಾಗೆ."

* * *

ಸಂಜೆ ರಿಹಾಬಳ ಮನೆಯವರು ಹೊರಟಾಗ ತಾಲಾ ಒಂದು ಕೊಂಬೆ ಕೇಳಿದಳು. ಅಪ್ಪ ಸವರಿದ ಕೊಂಬೆಗಳು ಮೆಟ್ಟಿಲ ಕೆಳಗೆ ಕಂತೆ ಕಟ್ಟಿ ಬಿದ್ದಿದ್ದವು. ಜುಮಾನಾ ಮೊಗ್ಗು ಚೆನ್ನಾಗಿರುವ ಎರಡನ್ನು ಆರಿಸಿ, ಒದ್ದೆ ಪೇಪರಿನಲ್ಲಿ ಸುತ್ತಿ ಕೊಟ್ಟಳು.

"ನಮ್ಮ ಬಾಲ್ಕನೀಲಿ ದೊಡ್ಡ ಪಾಟ್ ಇದೆ. ಅದರಲ್ಲಿ ನೆಡ್ಲಾ? ಡಬ್ಬಾನೇ ಬೇಕಾ?" ತಾಲಾ ಕೇಳಿದಳು.

ಜುಮಾನಾ ಒಂದು ಗಳಿಗೆ ಯೋಚಿಸಿದಳು. "ನಿಮ್ಮನೇಲಿ ಪಾಟೇ ಸರಿ" ಎಂದಳು.

ಅವರು ಹೋದ ಮೇಲೆ ಅವಳು ಅಡುಗೆಮನೆಗೆ ಬಂದಳು. ಅವತ್ತಿನ ಅಡುಗೆಗೆ ಖಾಲಿಯಾದ ಚಿಕ್ಕ ಎಣ್ಣೆ ಡಬ್ಬವೊಂದು ಮೂಲೆಯಲ್ಲಿತ್ತು. ಅದರ ಮುಚ್ಚಳ ಕತ್ತರಿಸಿಕೊಡು ಎಂದು ಅಪ್ಪನಿಗೆ ಕೊಟ್ಟಳು. ತಳಕ್ಕೆ ತಾನೇ ಮೊಳೆ ಬಡಿದು ತೂತು ಮಾಡಿದಳು. ಅಪ್ಪ ಕಿತ್ತಳೆ ತೋಟದ ಕೂಲಿಯಿಂದ ಬರುವಾಗ ತಂದಿಟ್ಟಿದ್ದ ಕೆಂಪು ಮಣ್ಣು ತುಂಬಿದಳು. ಒಂದು ಕೊಂಬೆ ಊರಿದಳು, ನೀರು ಹಾಕಿದಳು.

ಆಮೇಲೆ ಎರಡೂ ಕೈಯಿಂದ ಎತ್ತಿ ನೋಡಿದಳು. ಭಾರವಾಗಿತ್ತು. ಕೆಳಗಿಟ್ಟು, ಎರಡು ಹಿಡಿ ಮಣ್ಣು ತೆಗೆದಳು. ಮತ್ತೆ ಎತ್ತಿದಳು. ಈ ಸಲ ತಲೆಯ ಮೇಲೆ ಇಟ್ಟುಕೊಂಡಳು.

ಒಂದು ಕೈಯಲ್ಲಿ ಡಬ್ಬ ಹಿಡಿದು, ಇನ್ನೊಂದು ಕೈ ಗೋಡೆಗೆ ಊರಿ, ಮೆಲ್ಲಗೆ ಗಲ್ಲಿಗೆ ಇಳಿದಳು. ನೀರು ತೊಟ್ಟಿಕ್ಕಿ ಕತ್ತಿನ ಮೇಲೆ ಇಳಿಯಿತು. ಗಲ್ಲಿಯ ತುದಿಯವರೆಗೆ ಹೋಗಿ ತಿರುಗಿದಳು.

ಬಾಗಿಲಲ್ಲಿ ಕೂತು ಕೈಯ ಸಿಮೆಂಟು ಉಜ್ಜುತ್ತಿದ್ದ ಉಮ್ ಲುತ್ಫಿ ಕಣ್ಣರಳಿಸಿದಳು.

"ಏನೇ ಇದು? ಡಬ್ಬ ಹೊತ್ಕೊಂಡು ಎಲ್ಲಿಗೆ ಹೊರಟ್ಯೇ?"

"ಎಲ್ಲಿಗೂ ಇಲ್ಲ ಖಾಲಾ. ಹೊರೋಕಾಗುತ್ತಾ ಅಂತ ನೋಡ್ತಿದ್ದೀನಿ."

"ಆಗುತ್ತಾ?"

ಜುಮಾನಾ ತಲೆ ಅಲುಗಿಸದೆ ನಿಂತಳು.

"ಆಗುತ್ತೆ" ಎಂದಳು.